ಕೆಟ್ಟ ಗೀಸರ್ ರಿಪೇರಿಗೆ ನ್ಯಾಯವಾದ ದರ: ಹಾಸನ, ಚಿಕ್ಕಮಗಳೂರಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಗೀಸರ್ ಕೆಡುವುದು ಆಷಾಢದ ಜಡಿಮಳೆಯಲ್ಲಿ, ಇಲ್ಲವೇ ಧನುರ್ಮಾಸದ ಚಳಿಯಲ್ಲಿ. ಬೆಳಿಗ್ಗೆ ಆರು ಗಂಟೆಗೆ ನಲ್ಲಿಯಿಂದ ತಣ್ಣೀರು ಬಂದಾಗ ಯಾರಿಗೂ ದರ ವಿಚಾರಿಸುವ ತಾಳ್ಮೆ ಇರುವುದಿಲ್ಲ. ಬಂದವರು ಹೇಳಿದ ಮೊತ್ತಕ್ಕೆ ಒಪ್ಪಿಬಿಡುತ್ತೇವೆ. ಹಿತ್ತಿಲಿನ ಬಚ್ಚಲಲ್ಲಿ ಇನ್ನೂ ಹಂಡೆ ಒಲೆ ಉಳಿಸಿಕೊಂಡಿರುವವರು ಈ ವಿಷಯದಲ್ಲಿ ಅದೃಷ್ಟವಂತರು. ಎರಡು ದಿನ ಕಾಯಬಲ್ಲವರಿಗೆ ದರ ವಿಚಾರಿಸುವ ಅವಕಾಶ ಇರುತ್ತದೆ. ಉಳಿದವರೂ ಒಂದು ಮಾತನ್ನು ಹಿಡಿದುಕೊಂಡರೆ ಸಾಕು: ಮೊದಲು ದೋಷ ಏನೆಂದು ಕೇಳಬೇಕು, ದರವನ್ನು ಆಮೇಲೆ ಕೇಳಬೇಕು. ಮುಂದಿನ ಉತ್ತರಗಳೆಲ್ಲ ಈ ಕ್ರಮವನ್ನೇ ಅನುಸರಿಸುತ್ತವೆ.

ರಿಪೇರಿಯವರನ್ನು ಕರೆಯುವ ಮೊದಲು ಮನೆಯವರೇ ಏನನ್ನು ನೋಡಿಕೊಳ್ಳಬಹುದು?

ಗೀಸರಿನ ಮುಚ್ಚಳವನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಅದರ ಹೊರಗೆ ನೋಡಬೇಕಾದದ್ದೇ ಸಾಕಷ್ಟಿದೆ. ಗೀಸರಿನ ಎಂಸಿಬಿ (ಕರೆಂಟ್ ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್) ಕೆಳಗೆ ಬಿದ್ದಿದೆಯೇ, ಸ್ವಿಚ್ಚಿನ ದೀಪ ಉರಿಯುತ್ತಿದೆಯೇ, ಗೀಸರಿನ ಮೇಲಿನ ಕೆಂಪು ದೀಪ ಉರಿಯುತ್ತಿದೆಯೇ, ಮಹಡಿಯ ಮೇಲಿನ ಟ್ಯಾಂಕಿನಲ್ಲಿ ನೀರಿದೆಯೇ ಎಂಬುದನ್ನು ನೋಡಿ. ಆಮೇಲೆ ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಪಿನ್ನುಗಳನ್ನು ಬೆಳಕಿಗೆ ಹಿಡಿಯಿರಿ.

ಈ ಕೊನೆಯ ಸಾಲನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಹಾಸನದ ನಮ್ಮ ಮನೆಯ ಗೀಸರ್ ನಿಂತಾಗ ಬಂದವರೊಬ್ಬರು ಒಳಗೆ ನೀರು ಕಾಯಿಸುವ ಎಲಿಮೆಂಟ್ ಹೋಗಿದೆ ಎಂದರು. ಹೊಸದನ್ನು ಹಾಕಿಸಿದೆವು. ಮೂರನೆಯ ದಿನಕ್ಕೆ ಗೀಸರ್ ಮತ್ತೆ ನಿಂತಿತು. ಎರಡನೆಯ ಸಲ ಬಂದ ಬೇರೊಬ್ಬರು ಮೊದಲು ಪ್ಲಗ್ ಕಿತ್ತರು. ಒಂದು ಪಿನ್ನಿನ ಬುಡ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಸೀದ ಹಪ್ಪಳದಂತೆ ಉಬ್ಬಿತ್ತು. ಸಾಕೆಟ್ಟಿನೊಳಗಿನ ಹಿತ್ತಾಳೆ ಸಡಿಲವಾಗಿ ಅಲ್ಲೇ ಕಿಡಿ ಹಾರುತ್ತಿತ್ತು. ಒಂದು ಸಾಕೆಟ್, ಒಂದು ಪ್ಲಗ್ ಮತ್ತು ಕಾಲು ಗಂಟೆಯ ಕೆಲಸಕ್ಕೆ ತೀರಿತು. ಮೊದಲು ಬಿಚ್ಚಿದ ಹಳೆಯ ಎಲಿಮೆಂಟನ್ನು ನಾನು ಕೇಳಿ ಇಟ್ಟುಕೊಂಡಿರಲಿಲ್ಲವಾದ್ದರಿಂದ ಅದು ನಿಜಕ್ಕೂ ಕೆಟ್ಟಿತ್ತೇ ಎಂಬುದು ಇವತ್ತಿಗೂ ತಿಳಿಯದು.

ಇದರ ಜೊತೆಗೆ ಗೀಸರಿನ ಕೆಳಭಾಗದಲ್ಲಿ ಅಥವಾ ಪಕ್ಕದಲ್ಲಿ ಅಂಟಿಸಿರುವ ವಿವರದ ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮಾದರಿ, ಲೀಟರ್, ವ್ಯಾಟ್, ತಯಾರಾದ ವರ್ಷ ಎಲ್ಲವೂ ಅದರಲ್ಲೇ ಇರುತ್ತವೆ. ಅಂಗಡಿಯಲ್ಲಿ ಬಿಡಿಭಾಗದ ಬೆಲೆ ವಿಚಾರಿಸಲು ಆ ಒಂದು ಫೋಟೊ ಸಾಕು.

ನೀರು ಕಾಯುತ್ತದೆ, ಆದರೆ ಬಹಳ ತಡವಾಗುತ್ತದೆ. ಇದು ದೋಷವೇ?

ಅನೇಕ ಸಲ ಅಲ್ಲ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2,000 ವ್ಯಾಟಿನ ಗೀಸರಿಗೆ ಸುಮಾರು 21 ನಿಮಿಷ ಬೇಕು. ಇದು ವೋಲ್ಟೇಜ್ 230 ಇದ್ದಾಗಿನ ಲೆಕ್ಕ. ಎಲಿಮೆಂಟಿನ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ವೋಲ್ಟೇಜ್ 180ಕ್ಕೆ ಬಿದ್ದರೆ ಅದೇ ಗೀಸರ್ ಸುಮಾರು 1,225 ವ್ಯಾಟಿನಷ್ಟು ಮಾತ್ರ ಕೆಲಸ ಮಾಡುತ್ತದೆ, ಮತ್ತು 21 ನಿಮಿಷದ ಕೆಲಸಕ್ಕೆ 34 ನಿಮಿಷ ಹಿಡಿಯುತ್ತದೆ. ಲೈನಿನ ಕೊನೆಯಲ್ಲಿರುವ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಬೆಳಗಿನ ಹೊತ್ತು ವೋಲ್ಟೇಜ್ ಇಳಿಯುವುದು ಹೊಸದೇನಲ್ಲ. ಅಲ್ಲಿ ಎಲಿಮೆಂಟ್ ಬದಲಿಸಿದರೆ ಹಣ ಹೋಗುತ್ತದೆಯೇ ಹೊರತು ನೀರು ಬೇಗ ಕಾಯುವುದಿಲ್ಲ. ವೋಲ್ಟೇಜಿನ ದೂರನ್ನು ಹಾಸನ ಜಿಲ್ಲೆಯವರು ಚಾಮುಂಡೇಶ್ವರಿ ವಿದ್ಯುತ್ ನಿಗಮಕ್ಕೂ ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂಗೂ ಕೊಡಬೇಕು.

ಮೊದಲು ಚೆನ್ನಾಗಿದ್ದು, ಈಗ ವೋಲ್ಟೇಜ್ ಸರಿಯಿದ್ದೂ ತಡವಾಗುತ್ತಿದ್ದರೆ, ಅಥವಾ ಕಾಯುವಾಗ ಒಳಗಿನಿಂದ ಕೊತಕೊತ ಸದ್ದು ಬರುತ್ತಿದ್ದರೆ, ಎಲಿಮೆಂಟಿನ ಮೇಲೆ ಸುಣ್ಣ ಕಟ್ಟಿರುವ ಸಾಧ್ಯತೆ ಹೆಚ್ಚು.

ಕರೆಯಬೇಕಾದದ್ದು ಪ್ಲಂಬರನ್ನೋ, ಎಲೆಕ್ಟ್ರಿಷಿಯನ್ನನ್ನೋ, ಕಂಪನಿಯವರನ್ನೋ?

ವಾರಂಟಿ ಉಳಿದಿದ್ದರೆ ಕಂಪನಿಯ ಸರ್ವಿಸಿನವರನ್ನೇ ಕರೆಯಬೇಕು. ಹೊರಗಿನವರು ಮುಚ್ಚಳ ಬಿಚ್ಚಿದರೆಂಬ ಕಾರಣಕ್ಕೆ ವಾರಂಟಿ ನಿರಾಕರಿಸಿದ ಪ್ರಸಂಗಗಳಿವೆ. ವಾರಂಟಿ ಕಾರ್ಡಿನಲ್ಲಿ ಇಡೀ ಗೀಸರಿಗೆ, ಎಲಿಮೆಂಟಿಗೆ ಮತ್ತು ಒಳಗಿನ ಟ್ಯಾಂಕಿಗೆ ಬೇರೆ ಬೇರೆ ಅವಧಿ ಬರೆದಿರುತ್ತಾರೆ. ಟ್ಯಾಂಕಿನದು ಎಲ್ಲಕ್ಕಿಂತ ಉದ್ದ. ಎರಡು ವರ್ಷ ಆಯಿತೆಂದು ಕಾರ್ಡನ್ನು ಎಸೆದವರು ಟ್ಯಾಂಕ್ ಸೋರಿದಾಗ ಪಶ್ಚಾತ್ತಾಪ ಪಡುತ್ತಾರೆ.

ವಾರಂಟಿ ಮುಗಿದಿದ್ದರೆ ಲಕ್ಷಣವನ್ನು ನೋಡಿ ಕರೆಯಬೇಕು. ನೀರೇ ಕಾಯದಿದ್ದರೆ, ಎಂಸಿಬಿ ಬೀಳುತ್ತಿದ್ದರೆ, ನಲ್ಲಿ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅದು ಎಲೆಕ್ಟ್ರಿಷಿಯನ್ನಿನ ಕೆಲಸ. ಸೋರಿಕೆ, ಕಡಿಮೆ ಒತ್ತಡ, ತಣ್ಣೀರು ಬಿಸಿನೀರು ಬೆರೆಸುವ ಮಿಕ್ಸರಿನ ತೊಂದರೆ ಪ್ಲಂಬರಿನ ಕೆಲಸ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಎರಡನ್ನೂ ಮಾಡುವವರು ಸಿಗುತ್ತಾರೆ, ಅವರಲ್ಲಿ ನುರಿತವರೂ ಇದ್ದಾರೆ. ಆದರೆ ಕರೆಂಟಿನ ದೋಷಕ್ಕೆ ಬಂದವರ ಕೈಯಲ್ಲಿ ಮಲ್ಟಿಮೀಟರ್ ಇಲ್ಲದೆ ಟೆಸ್ಟರ್ ಒಂದೇ ಇದ್ದರೆ, ಅವರು ಹೇಳುವುದು ಊಹೆಯೆಂದೇ ತಿಳಿಯಬೇಕು.

ನ್ಯಾಯವಾದ ಕೊಟೇಶನ್ ಎಂದರೆ ಅದರಲ್ಲಿ ಏನೇನು ಇರಬೇಕು?

ಒಂದೇ ಸಾಲಿನಲ್ಲಿ “ಗೀಸರ್ ರಿಪೇರಿ, ಒಟ್ಟು 3,800” ಎಂದು ಚೀಟಿಯ ಹಿಂದೆ ಬರೆದುಕೊಟ್ಟರೆ ಅದನ್ನು ಕೊಟೇಶನ್ ಎನ್ನಲು ಬರುವುದಿಲ್ಲ. ಆ ಮೊತ್ತ ಹೆಚ್ಚೋ ಕಡಿಮೆಯೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ, ಏಕೆಂದರೆ ಅದರಲ್ಲಿ ಎಷ್ಟು ಸಾಮಾನಿಗೆ, ಎಷ್ಟು ಕೂಲಿಗೆ ಎಂಬುದೇ ಇಲ್ಲ. ಅದೇ ಮೊತ್ತವನ್ನು ಹೀಗೆ ಬಿಡಿಸಿ ಬರೆದುಕೊಟ್ಟರೆಂದು ಇಟ್ಟುಕೊಳ್ಳಿ: “ಪರೀಕ್ಷೆಯಲ್ಲಿ ಕಂಡದ್ದು, ಎಲಿಮೆಂಟ್ ಓಪನ್ ಆಗಿದೆ (ಒಳಗೆ ತುಂಡಾಗಿದೆ). 2,000 ವ್ಯಾಟಿನ ಎಲಿಮೆಂಟ್, ಇಂಥ ಕಂಪನಿಯದು; ಹೊಸ ಗ್ಯಾಸ್ಕೆಟ್ (ನೀರು ಸೋರದಂತೆ ಹಾಕುವ ರಬ್ಬರ್ ಬಳೆ); ಆನೋಡ್ ರಾಡ್; ಟ್ಯಾಂಕಿನ ಸುಣ್ಣ ತೆಗೆಯುವುದು; ಎರಡು ಕನೆಕ್ಷನ್ ಪೈಪ್; ಕೂಲಿ; ಬಂದುಹೋಗುವ ಖರ್ಚು.” ಪ್ರತಿಯೊಂದರ ಮುಂದೆ ಬೆಲೆ ಇದ್ದರೆ, ಹಾಸನದ ಬಿ.ಎಂ. ರಸ್ತೆಯ ಅಂಗಡಿಗೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಅಂಗಡಿಗೋ ಹೋಗಿ ಸಾಮಾನಿನ ಬೆಲೆಯನ್ನು ಹತ್ತು ನಿಮಿಷದಲ್ಲಿ ತಾಳೆ ನೋಡಬಹುದು. ಆಗ ಮಾತಾಡಬೇಕಾದದ್ದು ಕೂಲಿಯ ಬಗ್ಗೆ ಮಾತ್ರ ಉಳಿಯುತ್ತದೆ.

ಮಾಡಿದ ಕೆಲಸಕ್ಕೆ ಎಷ್ಟು ದಿನದ ಹೊಣೆ ಎಂಬುದನ್ನೂ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಬಿಡಿಭಾಗಕ್ಕೆ ಅದರ ತಯಾರಕರ ವಾರಂಟಿ ಬೇರೆ, ಜೋಡಿಸಿದ ಕೈಯ ಹೊಣೆ ಬೇರೆ. ವಾಟ್ಸ್‌ಆ್ಯಪಿನಲ್ಲಿ ಬರೆದು ಕಳುಹಿಸಿದರೂ ಸಾಕು. ಒಳ್ಳೆಯ ಕೆಲಸಗಾರರು ಬರೆದುಕೊಡಲು ಹಿಂಜರಿಯುವುದಿಲ್ಲ. ಬರವಣಿಗೆ ಬಾರದ ಹಿರಿಯ ಮೇಸ್ತ್ರಿಯಾಗಿದ್ದರೆ ಅವರು ಹೇಳಿದ್ದನ್ನು ನೀವೇ ಬರೆದು ಓದಿಹೇಳಿ, ಅವರ ನಂಬರಿಗೆ ಕಳುಹಿಸಿದರಾಯಿತು.

ಫೋನಿನಲ್ಲೇ ದರ ಹೇಳಿ ಎಂದು ಕೇಳಬಹುದೇ?

ನೋಡಿ ಹೋಗುವುದಕ್ಕೆ ಎಷ್ಟು, ರಿಪೇರಿ ಮಾಡಿಸಿದರೆ ಆ ಹಣವನ್ನು ಬಿಲ್ಲಿನಲ್ಲಿ ಕಳೆಯುತ್ತೀರಾ ಎಂಬ ಎರಡನ್ನು ಮಾತ್ರ ಫೋನಿನಲ್ಲಿ ಕೇಳಿ. ಗೀಸರನ್ನು ನೋಡದೆ ರಿಪೇರಿಯ ಪೂರ್ತಿ ಮೊತ್ತ ಹೇಳುವವರು ಒಂದೋ ಕಡಿಮೆ ಹೇಳಿ ಬಂದ ಮೇಲೆ ಏರಿಸುತ್ತಾರೆ, ಇಲ್ಲವೇ ಮುಂಜಾಗ್ರತೆಗೆಂದು ಹೆಚ್ಚೇ ಹೇಳುತ್ತಾರೆ.

“ಎಲಿಮೆಂಟ್ ಹೋಗಿದೆ” ಎಂದರೆ ಅದನ್ನು ನಂಬುವುದು ಹೇಗೆ?

ಗೀಸರಿನ ಕರೆಂಟ್ ಪೂರ್ತಿ ತೆಗೆದ ಮೇಲೆ ಎಲಿಮೆಂಟಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಇಟ್ಟು ತೋರಿಸಲು ಹೇಳಿ. 2,000 ವ್ಯಾಟಿನ ಎಲಿಮೆಂಟ್ ಸರಿಯಿದ್ದರೆ ಮೀಟರ್ ಸುಮಾರು 26 ಓಮ್ ತೋರಿಸುತ್ತದೆ. 3,000 ವ್ಯಾಟಿನದಾದರೆ ಸುಮಾರು 17ರಿಂದ 18 ಓಮ್. ಎಲಿಮೆಂಟ್ ತುಂಡಾಗಿದ್ದರೆ ಮೀಟರಿನಲ್ಲಿ ಯಾವ ಅಂಕಿಯೂ ನಿಲ್ಲುವುದಿಲ್ಲ. ಅಂಕಿ ಸರಿಯಾಗಿಯೇ ಬಂದು ನೀರು ಮಾತ್ರ ಕಾಯದಿದ್ದರೆ, ನೀರು ಬೇಕಾದಷ್ಟು ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್, ಅತಿಯಾಗಿ ಕಾದಾಗ ಕರೆಂಟ್ ತಡೆಯುವ ಕಟ್‌ಔಟ್, ವಯರಿನ ತುದಿ ಇವುಗಳಲ್ಲಿ ಒಂದು ಕೆಟ್ಟಿರಬೇಕು. ಕೆಲವು ಮಾದರಿಗಳಲ್ಲಿ ಕಟ್‌ಔಟಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಗೀಸರ್ ಮತ್ತೆ ಕೆಲಸ ಮಾಡುತ್ತದೆ. ಆದರೆ ಅದು ಏಕೆ ಬಿದ್ದಿತು ಎಂಬುದನ್ನು ಹುಡುಕದೆ ಹೋದರೆ ವಾರದೊಳಗೆ ಮತ್ತೆ ಕರೆಯಬೇಕಾದೀತು.

ಎಲಿಮೆಂಟ್ ಕೆಡುವುದಕ್ಕೂ ನೀರಿಗೂ ನೇರ ಸಂಬಂಧವಿದೆ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಊರುಗಳಲ್ಲಿ ಬೋರಿನ ಗಡಸು ನೀರು ಕಾದಂತೆಲ್ಲ ಎಲಿಮೆಂಟಿನ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಬಿಚ್ಚಿ ಹೊರತೆಗೆದಾಗ ಅದು ಮೊಟ್ಟೆಯ ಚಿಪ್ಪಿನಂತೆ ಚಕ್ಕೆಚಕ್ಕೆಯಾಗಿ ಉದುರುತ್ತದೆ, ಟ್ಯಾಂಕಿನ ತಳದಿಂದ ಒಂದು ಹಿಡಿ ಸುಣ್ಣದ ಹರಳು ಸುರಿಯುತ್ತದೆ. ಆ ಪದರದೊಳಗೆ ಶಾಖ ಹೊರಹೋಗಲಾರದೆ ಎಲಿಮೆಂಟ್ ಸುಡುತ್ತದೆ. ಆದ್ದರಿಂದ ಬಯಲುಸೀಮೆಯವರ ಕೊಟೇಶನ್ನಿನಲ್ಲಿ ಸುಣ್ಣ ತೆಗೆಯುವ ಕೂಲಿ ಇದ್ದರೆ ಅದು ನ್ಯಾಯವೇ. ಹಳ್ಳದ ಮೃದು ನೀರು ಬಳಸುವ ಮಲೆನಾಡಿನ ಮನೆಗೆ ಅದೇ ಕೂಲಿಯನ್ನು ಹಾಕಿದ್ದರೆ, ತೆಗೆದ ಸುಣ್ಣವನ್ನು ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಆನೋಡ್ ರಾಡಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಸಾಮಾನ್ಯವಾಗಿ ಮೆಗ್ನೀಸಿಯಮ್ಮಿನ ಕೋಲು; ಟ್ಯಾಂಕಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಹೆಬ್ಬೆರಳ ದಪ್ಪವಿದ್ದದ್ದು ನಡುವಿನ ತಂತಿಯಷ್ಟೇ ಉಳಿದಿದ್ದರೆ ಬದಲಿಸಲೇಬೇಕು. ಟ್ಯಾಂಕ್ ಬಿಚ್ಚಿದಾಗಲೇ ಅದನ್ನು ಬದಲಿಸಿದರೆ ಕೂಲಿ ಎರಡು ಸಲ ಬೀಳುವುದಿಲ್ಲ. ರಿಪೇರಿಯವರು ತಾವಾಗಿಯೇ ಇದನ್ನು ಸೂಚಿಸಿದರೆ ಹಣ ಕೀಳುತ್ತಿದ್ದಾರೆಂದು ತಿಳಿಯಬೇಡಿ.

ಗೀಸರಿನಿಂದ ನೀರು ತೊಟ್ಟಿಕ್ಕುತ್ತಿದೆ. ಹೊಸದನ್ನೇ ಕೊಳ್ಳಬೇಕು ಎನ್ನುತ್ತಾರೆ, ನಿಜವೇ?

ನೀರು ಎಲ್ಲಿಂದ ಬರುತ್ತಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಕಾಯುವಾಗ ಮಾತ್ರ ಸೇಫ್ಟಿ ವಾಲ್ವಿನಿಂದ ಹನಿ ಬೀಳುವುದು ದೋಷವಲ್ಲ. 15 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದಾಗ ಹಿಗ್ಗಿ ಸುಮಾರು ಒಂದು ಲೋಟದಷ್ಟು ಹೆಚ್ಚುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದು ವಾಲ್ವಿನಿಂದಲೇ ಹೊರಬರಬೇಕು. ಆ ಹನಿಯನ್ನು ನಿಲ್ಲಿಸಲೆಂದು ವಾಲ್ವಿನ ಬಾಯಿಗೆ ಡಮ್ಮಿ (ಮುಚ್ಚುವ ಬಿರಡೆ) ಹಾಕುತ್ತೇನೆ ಎನ್ನುವವರನ್ನು ಕೂಡಲೇ ತಡೆಯಿರಿ, ಅದು ಅಪಾಯ. ದಿನವಿಡೀ ಸುರಿಯುತ್ತಿದ್ದರೆ ವಾಲ್ವ್ ಬದಲಿಸಬೇಕು, ಅದು ಸಣ್ಣ ಖರ್ಚು. ಪೈಪಿನ ತಿರುಪಿನ ಬಳಿ ಸೋರಿದರೆ ವಾಷರ್, ಟೆಫ್ಲಾನ್ ಟೇಪು, ಹೆಚ್ಚೆಂದರೆ ಹೊಸ ಕನೆಕ್ಷನ್ ಪೈಪ್ ಸಾಕು.

ಹೊರಕವಚದ ಕೆಳಗಿನಿಂದ, ಕೆಂಚು ಬಣ್ಣದ ನೀರು ಇಳಿಯುತ್ತಿದ್ದು, ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲದಿದ್ದರೆ ಒಳಗಿನ ಟ್ಯಾಂಕೇ ತೂತಾಗಿದೆ. ಗಾಜಿನ ಲೇಪದ ಟ್ಯಾಂಕಿಗೆ ಬೆಸುಗೆ ಹಾಕಿದರೆ ಸುತ್ತಲಿನ ಲೇಪ ಹಾರಿ ಬೇರೆ ಕಡೆ ತೂತಾಗುತ್ತದೆ; ಬೆಸುಗೆಗೆ ಹಣ ಹಾಕಬೇಡಿ.

ರಿಪೇರಿಯೋ, ಹೊಸದೋ? ಇದನ್ನು ಹೇಗೆ ನಿರ್ಧರಿಸಬೇಕು?

ಟ್ಯಾಂಕ್ ಗಟ್ಟಿಯಿದ್ದರೆ ರಿಪೇರಿ, ಟ್ಯಾಂಕ್ ಹೋಗಿದ್ದರೆ ಹೊಸದು ಎಂಬುದು ನನ್ನ ಲೆಕ್ಕ. ಟ್ಯಾಂಕಿನ ವಾರಂಟಿ ಮುಗಿದು ಹಲವು ವರ್ಷಗಳಾಗಿದ್ದು, ರಿಪೇರಿಯ ಕೊಟೇಶನ್ ಹೊಸ ಗೀಸರಿನ ಅರ್ಧದಷ್ಟಾದರೆ ಹೊಸದರ ಕಡೆಗೇ ವಾಲುತ್ತೇನೆ. ಹೊಸದನ್ನು ಕೊಳ್ಳುವಾಗ ಐಎಸ್‌ಐ ಮುದ್ರೆಯ ಜೊತೆ ಐಎಸ್ 2082 ಎಂಬ ಸಂಖ್ಯೆಯನ್ನೂ, ಸ್ಟಾರ್ ಪಟ್ಟಿಯನ್ನೂ ನೋಡಿಕೊಳ್ಳಿ. ಹಳೆಯ ಗೀಸರಿಗೆ ಗುಜರಿಯಲ್ಲಿ ಬೆಲೆಯಿದೆ. “ಹಳೆಯದನ್ನು ನಾವೇ ತೆಗೆದುಕೊಂಡು ಹೋಗುತ್ತೇವೆ” ಎಂಬುದು ಉಪಕಾರದಂತೆ ಕೇಳಿಸುತ್ತದೆ, ಆದರೆ ಆ ಹಣ ಬಿಲ್ಲಿನಲ್ಲಿ ಕಳೆದಿರಬೇಕು. ಹೊಸದನ್ನು ಜೋಡಿಸುವ ಕೂಲಿ, ಕನೆಕ್ಷನ್ ಪೈಪ್, ಗೋಡೆಯ ಬೋಲ್ಟ್ ಇವು ಗೀಸರಿನ ಬೆಲೆಯಲ್ಲಿ ಸೇರಿವೆಯೇ ಎಂದು ಅಂಗಡಿಯಲ್ಲೇ ಕೇಳಬೇಕು. ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿಯೇ.

ಗೋಡೆಯೊಳಗಿನ ಬಿಸಿನೀರಿನ ಪೈಪ್ ಸೋರುತ್ತಿದ್ದರೆ ಕೊಟೇಶನ್ನಿನಲ್ಲಿ ಏನನ್ನು ಗಮನಿಸಬೇಕು?

ಪೈಪಿನ ಜಾತಿಯನ್ನು. ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಹಾಕಬೇಕು. ತಣ್ಣೀರಿಗೆಂದು ಇರುವ ಬಿಳಿಯ ಯುಪಿವಿಸಿ ಬಿಸಿಗೆ ಮೆತ್ತಗಾಗಿ ಜೋಡಣೆ ಬಿಟ್ಟುಕೊಳ್ಳುತ್ತದೆ. ಬರೀ “ಪೈಪ್” ಎಂದು ಬರೆದಿದ್ದರೆ ಸಿಪಿವಿಸಿ ಎಂದು ತಿದ್ದಿಸಿ. ಎರಡನೆಯದಾಗಿ, ಟೈಲ್ಸ್ ಒಡೆದ ಮೇಲೆ ಅದನ್ನು ಮತ್ತೆ ಕೂರಿಸುವವರು ಯಾರು, ಅದರ ಖರ್ಚು ಸೇರಿದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಹಳೆಯ ಮನೆಯಾದರೆ ಅದೇ ಬಣ್ಣದ ಟೈಲ್ಸ್ ಸಿಗುವುದಿಲ್ಲ. ಗೋಡೆ ಒಡೆಯುವುದಕ್ಕಿಂತ ಗೋಡೆಯ ಮೇಲೆಯೇ ಹೊಸ ಪೈಪ್ ಎಳೆಯುವುದು ನೋಡಲು ಅಂದವಲ್ಲದಿದ್ದರೂ ಎಷ್ಟೋ ಅಗ್ಗ, ಮುಂದಿನ ಸೋರಿಕೆಯೂ ಕಣ್ಣಿಗೆ ಕಾಣುತ್ತದೆ.

ನಮ್ಮದು ತೋಟದ ಮನೆ. ಬರುವುದಕ್ಕೇ ಹೆಚ್ಚು ಕೇಳುತ್ತಾರೆ, ಇದು ಸರಿಯೇ?

ಮೂಡಿಗೆರೆಯಿಂದ ಮಳೆಯಲ್ಲಿ ಬೈಕಿನ ಮೇಲೆ ಸಾಮಾನು ಕಟ್ಟಿಕೊಂಡು ಇಪ್ಪತ್ತು ಕಿಲೋಮೀಟರ್ ಬರುವವರು ಅರ್ಧ ದಿನದ ಬೇರೆ ಕೆಲಸವನ್ನು ಬಿಟ್ಟು ಬರುತ್ತಾರೆ. ಪೆಟ್ರೋಲ್ ಮತ್ತು ಆ ಅರ್ಧ ದಿನಕ್ಕೆ ಕೇಳುವುದು ನ್ಯಾಯ. ಆದರೆ ಒಂದು ವಾಷರ್ ಮರೆತುಬಂದು ಎರಡನೆಯ ಸಲ ಬಂದದ್ದಕ್ಕೂ ನಿಮ್ಮಿಂದಲೇ ಕೇಳುವುದು ನ್ಯಾಯವಲ್ಲ. ವಿವರದ ಪಟ್ಟಿಯ ಫೋಟೊ, ಸೋರುವ ಜಾಗದ ವಿಡಿಯೊ ಮೊದಲೇ ಕಳುಹಿಸಿದ್ದರೆ ಬೇಕಾದ ಸಾಮಾನನ್ನು ತಂದೇ ಬರುತ್ತಾರೆ. ಪಕ್ಕದ ತೋಟದವರ ಕೆಲಸವನ್ನೂ ಅದೇ ದಿನಕ್ಕೆ ಸೇರಿಸಿಕೊಂಡರೆ ಓಡಾಟದ ಖರ್ಚು ಹಂಚಿಹೋಗುತ್ತದೆ.

ಎಷ್ಟು ಜನರಿಂದ ಕೊಟೇಶನ್ ಪಡೆಯಬೇಕು? ಚೌಕಾಸಿ ಮಾಡಬಹುದೇ?

ವಾಷರ್ ಬದಲಿಸುವ ಕೆಲಸಕ್ಕೆ ಮೂವರನ್ನು ಕರೆಸುವುದು ಅವರ ಸಮಯಕ್ಕೂ ನಿಮ್ಮ ಹಣಕ್ಕೂ ನಷ್ಟ. ಎಲಿಮೆಂಟ್ ಮತ್ತು ಅದಕ್ಕಿಂತ ದೊಡ್ಡ ಕೆಲಸಕ್ಕೆ ಇಬ್ಬರು ಸಾಕು. ಗೋಡೆ ಒಡೆಯುವುದಾದರೆ ಮೂವರು. ಇಬ್ಬರೂ ಬೇರೆ ಬೇರೆ ದೋಷ ಹೇಳಿದರೆ ಮೊತ್ತಗಳನ್ನು ಹೋಲಿಸಬೇಡಿ, ಅವು ಎರಡು ಬೇರೆ ಕೆಲಸಗಳ ದರ. ಯಾರು ಪರೀಕ್ಷೆ ಮಾಡಿ ತೋರಿಸಿದರೋ ಅವರ ಮಾತಿಗೆ ತೂಕ ಕೊಡಿ.

ಚೌಕಾಸಿ ಮಾಡಬಹುದು, ಆದರೆ ಸಾಮಾನಿನ ಗುಣಮಟ್ಟವನ್ನು ಇಳಿಸಿ ಅಲ್ಲ. “ಇನ್ನೂರು ಕಡಿಮೆ ಮಾಡಣ್ಣ” ಎಂದಾಗ ಒಪ್ಪಿಕೊಂಡವರು ಆ ಇನ್ನೂರನ್ನು ಅಗ್ಗದ ಥರ್ಮೋಸ್ಟಾಟಿನಲ್ಲಿ ಹೊಂದಿಸಿಕೊಂಡರೆ ನಷ್ಟ ನಿಮ್ಮದೇ. ಬೇಕಾದರೆ ಸಾಮಾನನ್ನು ನೀವೇ ತಂದುಕೊಟ್ಟು ಕೂಲಿಯನ್ನಷ್ಟೇ ಮಾತಾಡಿ. ಆಗ ಸಾಮಾನು ಹೊಂದದಿದ್ದರೆ ಮರಳಿಸುವ ಹೊಣೆ ನಿಮ್ಮದಾಗುತ್ತದೆ ಎಂಬುದು ನೆನಪಿರಲಿ. ಮುಂಗಡ ಕೇಳಿದರೆ ಸಾಮಾನಿನ ಬೆಲೆಯಷ್ಟನ್ನು ಕೊಟ್ಟರೆ ಸಾಕು.

ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದಾರೆ. ಕೊಡಲೇಬೇಕೇ?

ಬಿಲ್ಲಿನ ಮೇಲೆ 15 ಅಂಕಿ ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇದ್ದರೆ ಕೂಲಿಯ ಮೇಲೆ ತೆರಿಗೆ ಕೇಳಬಹುದು. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ಡಬ್ಬಿಯ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದ್ದರೆ ಹೊಡೆದುಹಾಕಿಸಿ.

ಸೋಲಾರ್ ಮತ್ತು ಗ್ಯಾಸ್ ಗೀಸರಿಗೂ ಇದೇ ಕ್ರಮವೇ?

ಕ್ರಮ ಇದೇ, ನೋಡಬೇಕಾದ ಜಾಗ ಬೇರೆ. ಗಾಜಿನ ಕೊಳವೆಗಳ ಸೋಲಾರಿನಲ್ಲಿ ಕೊಳವೆಯ ತುದಿ ಬೆಳ್ಳಿಯಂತೆ ಹೊಳೆಯುತ್ತಿರಬೇಕು. ಬಿಳಿಚಿಕೊಂಡಿದ್ದರೆ ಆ ಕೊಳವೆಯ ನಿರ್ವಾತ ಹೋಗಿದೆ. ಬಿಳಿಚಿದ್ದನ್ನು ಎಣಿಸಿ, ಅಷ್ಟಕ್ಕೆ ಮಾತ್ರ ದರ ಕೇಳಿ. ಗ್ಯಾಸ್ ಗೀಸರಿನ ವಿಷಯದಲ್ಲಿ ದರಕ್ಕಿಂತ ಮುಖ್ಯವಾದದ್ದು ಜಾಗ. ಮುಚ್ಚಿದ ಬಚ್ಚಲುಮನೆಯೊಳಗೆ ಅದು ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಸೇರಿ ಜೀವ ಹೋಗುತ್ತದೆ. ಒಳಗಿದ್ದದ್ದನ್ನು ರಿಪೇರಿ ಮಾಡಿಸುವ ಬದಲು ಹೊರಗೆ, ಗಾಳಿಯಾಡುವ ಕಡೆಗೆ ಸಾಗಿಸುವುದಕ್ಕೇ ಕೊಟೇಶನ್ ಕೇಳಿ.

ಮಾಡಿದ ಕೆಲಸ ಸರಿಯಿಲ್ಲದಿದ್ದರೆ, ಕರೆದರೂ ಬರದಿದ್ದರೆ ಏನು ಮಾಡಬೇಕು?

ಮೊದಲು ಬರಹದಲ್ಲಿ ತಿಳಿಸಿ, ಒಂದು ವಾರ ಕೊಡಿ. ನಂತರ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಬಿಲ್ ಮತ್ತು ಬರೆದ ಕೊಟೇಶನ್ ಇಲ್ಲದೆ ಇವೆರಡೂ ಕಷ್ಟ.

ಪೂರ್ತಿ ಹಣ ಕೊಡುವ ಮೊದಲು ಏನನ್ನು ಪರೀಕ್ಷಿಸಬೇಕು?

ಬಿಸಿನೀರಿನ ನಲ್ಲಿ ತೆರೆದು ಧಾರೆಯಾಗಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿನಲ್ಲಿ ಕರೆಂಟ್ ಕೊಟ್ಟರೆ ಹೊಸ ಎಲಿಮೆಂಟ್ ಅಲ್ಲೇ ಸುಡುತ್ತದೆ. ಕೆಲಸಗಾರರು ಇರುವಾಗಲೇ ಪೂರ್ತಿ ಒಂದು ಸಲ ಕಾಯಿಸಿ, ಥರ್ಮೋಸ್ಟಾಟ್ ತಾನಾಗಿ ನಿಲ್ಲುತ್ತದೆಯೇ ನೋಡಿ. ಆ ಅರ್ಧ ಗಂಟೆ ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿಕೊಂಡರೆ ಬೇಸರ ಪಡುವುದಿಲ್ಲ. ಅರ್ಥಿಂಗ್ ಇದೆಯೇ ಎಂದು ಮೀಟರಿನಲ್ಲಿ ತೋರಿಸಲು ಹೇಳಿ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದಾಗ ತಾನಾಗಿ ಬೀಳುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದೆಯೇ ನೋಡಿ. ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನು ಮುಟ್ಟಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಸಾಕೆಟ್ ಇನ್ನೂ ಸರಿಯಾಗಿಲ್ಲ. ಆಮೇಲೆ ಬಿಚ್ಚಿದ ಹಳೆಯ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿಸಿಕೊಂಡು, ಬಿಲ್ಲಿಗೆ ಸಹಿ ಮಾಡಿಸಿ, ಉಳಿದ ಹಣ ಕೊಡಿ.